ಬಾತ್‌ರೂಮಿನ ಕಾಂಕ್ರೀಟ್ ಕೌಂಟರ್: ಅಚ್ಚು ಬಿಚ್ಚಿದ ಮೇಲೆ ಏನು ಮಾಡಬೇಕು?

ಡೊಂಬಿವಲಿ, ಮುಲುಂಡ್, ಪುಣೆ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ವಾಶ್ ಬೇಸಿನ್ ಕೂರಿಸೋಕೆ ಕಾಂಕ್ರೀಟ್ ಚಪ್ಪಡಿ ಎರಕ ಹೊಯ್ದಿದ್ದೇವೆ. ಅಚ್ಚು ಬಿಚ್ಚಿ ನೋಡಿದರೆ ಮೈತುಂಬಾ ಸಣ್ಣ ತೂತು, ಬಣ್ಣವೂ ಒಂದೇ ಥರ ಇಲ್ಲ. ಇದನ್ನ ಹಾಗೇ ಗೋಡೆಗೆ ಹಾಕಬಹುದಾ?"

ಹಾಗೇ ಹಾಕಬೇಡಿ. ಆದರೆ ಒಡೆದು ಬಿಸಾಡಲೂ ಬೇಡಿ. ಅಚ್ಚಿನಿಂದ ಹೊರಗೆ ಬಂದ ಚಪ್ಪಡಿ ಎಲ್ಲರದ್ದೂ ಹಾಗೇ ಇರುತ್ತದೆ. ಎರಕ ಹೊಯ್ಯೋದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಕೌಂಟರ್ ಮಾಡೋದು ಆಮೇಲಿನ ನಾಲ್ಕೈದು ವಾರ. ಈ ವಾರಗಳಲ್ಲಿ ಅರ್ಧ ಪಾಲು ನೀವು ಮಾಡಬೇಕಾದ್ದು ಕಾಯೋದು ಮಾತ್ರ. ನಾನು ನೋಡಿದ ಕೆಟ್ಟ ಕೌಂಟರ್‌ಗಳೆಲ್ಲ ಕೆಟ್ಟಿದ್ದು ಅವಸರದಿಂದ. ಅದಕ್ಕೇ ಈ ಲೇಖನದಲ್ಲಿ ದಿನಗಳ ಲೆಕ್ಕ ಪದೇ ಪದೇ ಬರುತ್ತದೆ.

ಶುರು ಮಾಡೋಕೆ ಮುಂಚೆ

ಮೊದಲು ತೂಕ. 4 ಅಡಿ ಉದ್ದ, 20 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಚಪ್ಪಡಿ ಸುಮಾರು 56 ಕೆಜಿ ತೂಗುತ್ತದೆ. ಅದೇ ಅಳತೆಯ ಮುಕ್ಕಾಲು ಇಂಚಿನ ಗ್ರಾನೈಟ್ ಆದರೆ ಸುಮಾರು 31 ಕೆಜಿ. ಅಂದರೆ ಹಳೇ ಗ್ರಾನೈಟೋ ಕಡಪ್ಪವೋ ಹೊತ್ತಿದ್ದ ಬ್ರಾಕೆಟ್‌ಗಳ ಮೇಲೆ ಇದನ್ನು ಸುಮ್ನೆ ಇಟ್ಟುಬಿಡೋದು ಅಪಾಯ.

ಎರಡನೆಯದು ಸೊಸೈಟಿ. ಫ್ಲ್ಯಾಟಿನಲ್ಲಿ ಬಾತ್‌ರೂಮ್ ಕೆಲಸಕ್ಕೆ ಕಮಿಟಿಯ ಲಿಖಿತ ಒಪ್ಪಿಗೆ ಬೇಕಾಗುತ್ತದೆ. ಡ್ರಿಲ್ ಹೊಡೆಯೋ ಹೊತ್ತು ಯಾವುದು, ಅವಶೇಷ ಎಲ್ಲಿ ಹಾಕಬೇಕು, ಲಿಫ್ಟಿನಲ್ಲಿ ಎಷ್ಟು ಭಾರ ತರಬಹುದು ಎಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿ. ಅವರ ತಲೆ ಮೇಲೆ ನೀರಿನ ಕೆಲಸ ನಡೀತಿದೆ ಅಲ್ವಾ.

ಮೂರನೆಯದು ಕಾಲ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಎರಕಕ್ಕೆ ಅದು ತೊಂದರೆಯಲ್ಲ, ಒಳ್ಳೆಯದೇ. ಸೀಲರ್, ಅಂದರೆ ನೀರು, ಕಲೆ ಒಳಗಿಳಿಯದಂತೆ ಕೊನೆಗೆ ಮೈಗೆ ಹಚ್ಚುವ ದ್ರವ, ಅದನ್ನು ಹಚ್ಚೋಕೆ ಮಾತ್ರ ಇದು ಕೆಟ್ಟ ಕಾಲ. ಸಾಧ್ಯವಾದರೆ ಸೀಲರ್ ಹಂತ ನವರಾತ್ರಿ ಕಳೆದ ಮೇಲೆ ಬರುವ ಹಾಗೆ ಲೆಕ್ಕ ಹಾಕಿ. ಪುಣೆಯಲ್ಲಿ ಚಳಿಗಾಲದ ಒಣಹವೆ ಸೀಲರ್‌ಗೆ ಹೇಳಿ ಮಾಡಿಸಿದ್ದು. ಅಲ್ಲಿ ಉಲ್ಟಾ, ಎರಕದ ಚಪ್ಪಡಿ ಬೇಗ ಒಣಗಿ ಬಿರುಕು ಬಿಡದಂತೆ ನೋಡಿಕೊಳ್ಳಬೇಕು.

ಇನ್ನೂ ಎರಕ ಹೊಯ್ದಿಲ್ಲದವರಿಗೆ ಒಂದೇ ಸಲಹೆ. ಗೋಡೆಯ ಮೂಲೆ 90 ಡಿಗ್ರಿ ಇದೆ ಎಂದು ನಂಬಬೇಡಿ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಓರೆಯಾಗಿ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ ಇದೆ. ಹಳೇ ಕಟ್ಟಡಗಳಲ್ಲಿ ಇದು ಬರೋದು ಅಪರೂಪ. ಟೈಲ್ಸ್ ಕೂರಿಸಿದ ಮೇಲೆ ರಟ್ಟಿನ ನಮೂನೆ ಕತ್ತರಿಸಿ ಜಾಗದಲ್ಲಿಟ್ಟು ನೋಡಿ. ಗೋಡೆಯ ಕಡೆ 3 ಮಿಮೀ ಸಂದು ಬಿಟ್ಟು ಅದೇ ಅಳತೆಗೆ ಅಚ್ಚು ಮಾಡಿ. ನಲ್ಲಿಯ ತೂತು, ಬೇಸಿನ್ನಿನ ತೂತು ಎರಡನ್ನೂ ಅಚ್ಚಿನಲ್ಲೇ ಬಿಟ್ಟುಬಿಡಿ. ಮುಂದಿನ ಅಂಚಿನ ಕೆಳಗೆ, ಅಂಚಿನಿಂದ ಒಂದು ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ಬರುವ ಹಾಗೆಯೂ ಮಾಡಿ. ಮೇಲಿಂದ ಇಳಿದ ನೀರು ಆ ಗೀರಿನ ಹತ್ತಿರ ತೊಟ್ಟಿಕ್ಕಿ ಬೀಳುತ್ತದೆ, ಬ್ರಾಕೆಟ್‌ವರೆಗೆ ಹರಿಯೋದಿಲ್ಲ.

ಬೇಕಾಗುವ ಸಾಮಾನು

ವೇಗ ಹೆಚ್ಚುಕಮ್ಮಿ ಮಾಡಬಹುದಾದ ವೆಟ್ ಪಾಲಿಶರ್. ಇದು ನೀರು ಹಾಕಿಕೊಂಡು ಕಲ್ಲು ಉಜ್ಜುವ ಯಂತ್ರ. ಕೊಳ್ಳೋದು ದುಬಾರಿ, ಒಂದು ಕೌಂಟರ್‌ಗಾಗಿಯಾದರೆ ಬಾಡಿಗೆಗೆ ತನ್ನಿ. 4 ಇಂಚಿನ ಡೈಮಂಡ್ ಪ್ಯಾಡ್‌ಗಳು: 100, 200, 400, 800 ನಂಬರ್. ನಂಬರ್ ದೊಡ್ಡದಾದಷ್ಟೂ ಪ್ಯಾಡ್ ನಯ. ಅಂಚುಗಳಿಗೆ ಕೈಯಲ್ಲಿ ಹಿಡಿಯುವ ಡೈಮಂಡ್ ಪ್ಯಾಡ್. ಎರಕಕ್ಕೆ ಬಳಸಿದ ಅದೇ ಚೀಲದ ಸಿಮೆಂಟ್ ಒಂದೆರಡು ಕೆಜಿ, ಸ್ವಲ್ಪ ಬಿಳಿ ಸಿಮೆಂಟ್, ಲೇಟೆಕ್ಸ್ ದ್ರವ. ಲೇಟೆಕ್ಸ್ ಅಂದರೆ ಸಿಮೆಂಟಿಗೆ ಅಂಟುಗುಣ ಕೊಡುವ ಹಾಲಿನಂಥ ದ್ರಾವಣ, ವಾಟರ್‌ಪ್ರೂಫಿಂಗ್ ಸಾಮಾನು ಮಾರುವ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸೀಲರ್, ಬ್ರಾಕೆಟ್, ಆಂಕರ್, ನ್ಯೂಟ್ರಲ್ ಸಿಲಿಕೋನ್ ಬಗ್ಗೆ ಆಯಾ ಹಂತದಲ್ಲಿ ಹೇಳುತ್ತೇನೆ.

ಮುಂಬಯಿಯಲ್ಲಿ ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟ್‌ನಲ್ಲಿ, ಪುಣೆಯಲ್ಲಿ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಇಂಥ ಸಾಮಾನು ಹುಡುಕಿ.

ರಬ್ಬರ್ ಗ್ಲೌಸ್, ಕನ್ನಡಕ, ಎನ್95 ಮಾಸ್ಕ್ ಕಡ್ಡಾಯ. ಹಸಿ ಸಿಮೆಂಟ್ ಬಲವಾದ ಕ್ಷಾರ. ಮುಟ್ಟಿದಾಗ ಉರಿಯೋದಿಲ್ಲ, ಸಂಜೆ ಹೊತ್ತಿಗೆ ಬೆರಳ ಸಂದಿಯ ಚರ್ಮ ಸುಲಿಯುತ್ತದೆ. ಒಣ ಕಾಂಕ್ರೀಟ್ ಉಜ್ಜಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಕೆಲಸ ನೀವು ಮಾಡಿದರೂ, ಕೂಲಿಯವರಿಂದ ಮಾಡಿಸಿದರೂ ಮಾಸ್ಕ್ ನೀವೇ ತಂದುಕೊಡಿ. ನಮ್ಮ ಬಿಜಾಪುರ, ಕಲಬುರ್ಗಿ ಕಡೆಯಿಂದ ಬಂದ ಎಷ್ಟೋ ಹುಡುಗರು ಇಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಂಡು ಕಲ್ಲು ಕೊಯ್ಯುತ್ತಾರೆ. ಟವೆಲ್ ಆ ಧೂಳನ್ನು ತಡೆಯೋದಿಲ್ಲ.

ಹಂತ 1: ಅಚ್ಚು ಬಿಚ್ಚಿ ನೀರುಣಿಸೋದು

ಎರಕ ಹೊಯ್ದು ಎರಡು ದಿನ ಆಗುವ ತನಕ ಅಚ್ಚು ಮುಟ್ಟಬೇಡಿ. ಮೊದಲು ಪಕ್ಕದ ಪಟ್ಟಿಗಳ ಸ್ಕ್ರೂ ತೆಗೆದು ಪಟ್ಟಿಯನ್ನು ಹೊರಗಡೆಗೆ ಎಳೆಯಿರಿ. ಉಳಿ ಅಥವಾ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಎರಡು ದಿನದ ಕಾಂಕ್ರೀಟ್ ಅಂಚು ಬಿಸ್ಕತ್ತಿನ ಹಾಗೆ ಚಕ್ಕೆ ಏಳುತ್ತದೆ. ಚಪ್ಪಡಿ ಕದಲದಿದ್ದರೆ ಮರದ ತೆಳು ಬೆಣೆ ಎರಡು ಮೂಲೆಗೆ ಕೊಟ್ಟು ನಿಧಾನಕ್ಕೆ ತಟ್ಟಿ.

ಮಗುಚುವಾಗ ಇಬ್ಬರು ಬೇಕು. ಮೊದಲು ಉದ್ದದ ಅಂಚಿನ ಮೇಲೆ ನಿಲ್ಲಿಸಿ, ಆಮೇಲೆ ಥರ್ಮಾಕೋಲ್ ತುಂಡುಗಳ ಮೇಲೆ ಮಲಗಿಸಿ.

ಈಗ ನೀರುಣಿಸುವ ಕೆಲಸ. ಕಾಂಕ್ರೀಟ್ ಗಟ್ಟಿಯಾಗೋದು ಒಣಗಿ ಅಲ್ಲ. ಸಿಮೆಂಟ್ ನೀರಿನ ಜೊತೆ ಸೇರಿ ಹರಳುಗಟ್ಟಿ ಗಟ್ಟಿಯಾಗುತ್ತದೆ. ನೀರು ಬೇಗ ಆರಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐಎಸ್ 456 ಪ್ರಕಾರ ಒಪಿಸಿ, ಅಂದರೆ ಬೆರಕೆಯಿಲ್ಲದ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕು. ನಿಮ್ಮ ಚೀಲದ ಮೇಲೆ ಯಾವುದು ಬರೆದಿದೆ ನೋಡಿ. ಪಿಪಿಸಿ ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್.

ಗೋಣಿಚೀಲ ಹೊದಿಸಿ ನೀರು ಹೊಡೆಯೋದು ನೆಲಕ್ಕೆ, ಕಂಬಕ್ಕೆ ಸರಿ. ಕೌಂಟರ್‌ಗೆ ಬೇಡ. ಗೋಣಿಯ ನೇಯ್ಗೆ ಹಾಗೇ ಕಲೆಯಾಗಿ ಉಳಿಯುತ್ತದೆ. ನೀರು ಚಿಮುಕಿಸಿ ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚು ಒತ್ತಿಡಿ. ಬಣ್ಣದ ಬೆಡ್‌ಶೀಟ್ ಬೇಡ. ಪ್ಲಾಸ್ಟಿಕ್ ನೇರವಾಗಿ ಮೈಗೆ ತಾಗಿದರೂ ಸುಕ್ಕು ಬಿದ್ದಲ್ಲೆಲ್ಲ ಕಪ್ಪು ಗೆರೆ ಮೂಡುತ್ತದೆ. ದಿನಕ್ಕೆರಡು ಸಲ ಎತ್ತಿ ನೋಡಿ, ಬಟ್ಟೆ ಒಣಗಿದ್ದರೆ ಮತ್ತೆ ಚಿಮುಕಿಸಿ.

ಹಂತ 2: ತೂತು ತುಂಬೋದು

ನಾಲ್ಕೈದನೇ ದಿನ ಈ ಕೆಲಸ ಶುರು ಮಾಡಬಹುದು. ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚಿಡಬೇಕು ಅಷ್ಟೆ.

ಈ ತೂತುಗಳು ಎರಕದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ಎಷ್ಟೇ ಅಲ್ಲಾಡಿಸಿದರೂ ಕೆಲವು ಉಳಿಯುತ್ತವೆ. ಕೆಲವಕ್ಕೆ ಸಿಮೆಂಟಿನ ತೆಳು ಮುಚ್ಚಳ ಇರುತ್ತದೆ, ಕಣ್ಣಿಗೆ ಕಾಣೋದಿಲ್ಲ. ಈಗ ಬಿಟ್ಟರೆ ಮುಂದೆ ಉಜ್ಜುವಾಗ ಬಾಯಿ ತೆರೆಯುತ್ತವೆ. ಅದಕ್ಕೆ ಮೊದಲೇ ಪ್ಲಾಸ್ಟಿಕ್ ಸ್ಪೂನಿನ ಹಿಡಿಯಿಂದ ಇಡೀ ಮೈ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಒಂದು ಮೊಳೆಯ ತುದಿಯಿಂದ ಚುಚ್ಚಿ ಬಾಯಿ ಬಿಡಿಸಿ.

ತುಂಬೋಕೆ ಬೇಕಾದ ಹಿಟ್ಟು: ಅದೇ ಸಿಮೆಂಟ್, ಎರಕಕ್ಕೆ ಬಣ್ಣ ಹಾಕಿದ್ದರೆ ಅದೇ ಪ್ರಮಾಣದ ಬಣ್ಣ, ನೀರಿನ ಬದಲು ಅರ್ಧ ಲೇಟೆಕ್ಸ್ ಅರ್ಧ ನೀರು. ಟೂತ್‌ಪೇಸ್ಟಿನ ಹದ. ದೊಡ್ಡ ಗುಳಿಗಳಿದ್ದರೆ ಜರಡಿ ಹಿಡಿದ ಸಣ್ಣ ಮರಳು ಸ್ವಲ್ಪ ಸೇರಿಸಿ.

ಇಲ್ಲಿ ಎಲ್ಲರೂ ಎಡವುವ ಜಾಗ ಬಣ್ಣ. ಈ ಹಿಟ್ಟು ಒಣಗಿದ ಮೇಲೆ ಹೆಚ್ಚಾಗಿ ಮೈಬಣ್ಣಕ್ಕಿಂತ ಗಾಢವಾಗಿ ಕಾಣುತ್ತದೆ. ಬೂದುಬಣ್ಣದ ಮೈಮೇಲೆ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ಸ್ವಲ್ಪ ಬಿಳಿ ಸಿಮೆಂಟ್ ಬೆರೆಸಿದರೆ ಹೊಂದಿಕೊಳ್ಳುತ್ತದೆ. ಎಷ್ಟು ಅನ್ನೋದಕ್ಕೆ ಸೂತ್ರ ಇಲ್ಲ. ಚಪ್ಪಡಿಯ ಅಡಿಭಾಗದಲ್ಲಿ ಮೂರು ಬೇರೆ ಬೇರೆ ಬೆರಕೆ ಹಚ್ಚಿ, ಪಕ್ಕದಲ್ಲಿ ಪ್ರಮಾಣ ಬರೆದಿಡಿ. ಎರಡು ದಿನ ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ ಆರಿಸಿ.

ಹಚ್ಚುವ ಮುಂಚೆ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ತೇವ ಇರಬೇಕು, ನೀರು ನಿಂತಿರಬಾರದು. ಗ್ಲೌಸ್ ಹಾಕಿದ ಅಂಗೈಯಲ್ಲಿ ಒಂದು ಉಂಡೆ ತೆಗೆದುಕೊಂಡು ಸುತ್ತಿಸುತ್ತಾ ಒತ್ತಿ ತಿಕ್ಕಿ. ಮೊದಲ ಸುತ್ತಿಗೆ ಹಿಟ್ಟು ತೂತಿನ ಬಾಯಿಗೆ ಮುಚ್ಚಳ ಹಾಕುತ್ತದೆ ಅಷ್ಟೆ, ಒಳಗೆ ಗಾಳಿ ಹಾಗೇ ಇರುತ್ತದೆ. ಬೆರಳ ತುದಿಯಿಂದ ಒತ್ತಿದಾಗ "ಪುಸ್" ಅಂತ ಸಣ್ಣ ಗುಳ್ಳೆ ಹೊರಗೆ ಬರುತ್ತದೆ. ಅದು ಬಂದ ಮೇಲೆ ಇನ್ನೊಂದು ಸಲ ತುಂಬಿ. ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಓರೆಯಾಗಿ ಕೆರೆದು ಹೆಚ್ಚಿನದನ್ನು ತೆಗೆಯಿರಿ. ಮುಚ್ಚಿಟ್ಟು ಒಂದು ದಿನ ಬಿಡಿ. ಮರುದಿನ ಹಿಟ್ಟು ಸ್ವಲ್ಪ ಕುಗ್ಗಿ ಕೆಳಗಿಳಿದಿರುತ್ತದೆ. ಮತ್ತೆ ತುಂಬಿ. ಎರಡು ಸಲ ಸಾಮಾನ್ಯ, ಮೂರು ಸಲವೂ ಆಗಬಹುದು.

ಎಲ್ಲ ತೂತೂ ಮುಚ್ಚಲೇಬೇಕು ಅಂತೇನಿಲ್ಲ. ಪಕ್ಕದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ತೂತು ಚೆಂದವೇ. ಬೇಸಿನ್ ಸುತ್ತ, ಸೋಪು ನೀರು ನಿಲ್ಲುವ ಜಾಗದಲ್ಲಿ ಮಾತ್ರ ಒಂದೂ ಬಿಡಬೇಡಿ. ಅಲ್ಲಿ ಕೊಳೆ ಕೂತರೆ ಹಲ್ಲುಜ್ಜುವ ಬ್ರಶ್‌ನಿಂದಲೂ ಬಿಡೋದಿಲ್ಲ.

ಹಂತ 3: ಉಜ್ಜೋದು

ಕೊನೆಯ ತುಂಬುವಿಕೆ ಆಗಿ ಮೂರು ದಿನ ಕಳೆಯಲಿ. ನೀರುಣಿಸೋದೂ ಮುಗಿದಿರಲಿ.

ಮನೆಯಲ್ಲಿರುವ ಸಾಮಾನ್ಯ 4 ಇಂಚಿನ ಗ್ರೈಂಡರ್‌ಗೆ ಡೈಮಂಡ್ ಪ್ಯಾಡ್ ಹಾಕಿ ಶುರು ಮಾಡಬೇಡಿ. ಅದು ನಿಮಿಷಕ್ಕೆ ಹತ್ತು ಹನ್ನೊಂದು ಸಾವಿರ ಸುತ್ತು ತಿರುಗುತ್ತದೆ. ಪ್ಯಾಡ್ ಹರಿದು ಹಾರುತ್ತದೆ, ಕಾಂಕ್ರೀಟಿನಲ್ಲಿ ಅರ್ಧಚಂದ್ರದ ಹಳ್ಳ ಬೀಳುತ್ತದೆ. ಇನ್ನೂ ದೊಡ್ಡ ಅಪಾಯ, ಅದು ನೀರಿನ ಜೊತೆ ಬಳಸೋಕೆ ಮಾಡಿದ ಯಂತ್ರವೇ ಅಲ್ಲ. ವೆಟ್ ಪಾಲಿಶರನ್ನು 2000ದಿಂದ 3000 ಸುತ್ತಿನ ನಡುವೆ ಇಟ್ಟುಕೊಳ್ಳಿ. ಪ್ಲಗ್ ಹಾಕುವ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಆರ್‌ಸಿಸಿಬಿ ಅಂದರೆ ಕರೆಂಟ್ ಮೈಗೆ ಹರಿಯತೊಡಗಿದ ಕ್ಷಣ ಲೈನ್ ಕಡಿಯುವ ಸ್ವಿಚ್. ಅದಿಲ್ಲದ ಲೈನಿನಲ್ಲಿ ನೀರಿನ ಯಂತ್ರ ಓಡಿಸಬೇಡಿ.

ಎಲ್ಲಿಂದ ಶುರು ಮಾಡಬೇಕು? ಸಿಮೆಂಟಿನ ನಯವಾದ ಮೈ ಹಾಗೇ ಬೇಕಿದ್ದರೆ ನೇರ 200 ಅಥವಾ 400ರಿಂದ, ಬರೀ ಸವರಿದ ಹಾಗೆ. ಮರಳಿನ ಕಪ್ಪುಬಿಳಿ ಚುಕ್ಕೆ ಕಾಣಬೇಕಿದ್ದರೆ 100ರಿಂದ. ಮೊದಲ ಸಲ ಮಾಡುವವರು 200ರಿಂದ ಶುರು ಮಾಡಿ ಅಂತ ನನ್ನ ಸಲಹೆ. ಒಂದು ಕಡೆ ಮರಳು ಕಂಡಿತೋ, ಇಡೀ ಮೈಯಲ್ಲೂ ಅಷ್ಟೇ ಕಾಣಿಸಬೇಕಾಗುತ್ತದೆ. ತೆಗೆದ ಪದರ ವಾಪಸ್ ಬರೋದಿಲ್ಲ.

ಪ್ರತಿ ಪ್ಯಾಡಿಗೂ ಮುಂಚೆ ಸೀಸದ ಕಡ್ಡಿಯಿಂದ ಮೈತುಂಬಾ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ನೀರು ಹನಿಸುತ್ತಾ, ಪ್ಯಾಡನ್ನು ಚಪ್ಪಟೆಯಾಗಿ ಇಟ್ಟು, ಒಂದು ಓಟದ ಮೇಲೆ ಅರ್ಧ ಬೀಳುವ ಹಾಗೆ ಮುಂದಿನ ಓಟ ಸಾಗಿಸಿ. ಒತ್ತಬೇಡಿ, ಯಂತ್ರದ ತೂಕ ಸಾಕು. ಒಂದೇ ಕಡೆ ನಿಲ್ಲಿಸಬೇಡಿ. ಎಲ್ಲ ಗೆರೆ ಹೋದಾಗ ಆ ನಂಬರಿನ ಕೆಲಸ ಮುಗಿಯಿತು. ಗೆರೆ ಉಳಿದಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ. ಮುಂದಿನ ಪ್ಯಾಡಿಗೆ ಹೋಗುವ ಮೊದಲು ಚಪ್ಪಡಿ, ಯಂತ್ರ, ಕೈ ಎಲ್ಲ ತೊಳೆಯಿರಿ. 200ರ ಒಂದು ಕಣ 400ರ ಕೆಳಗೆ ಸಿಕ್ಕರೆ ಉದ್ದ ಗೀರು ಬೀಳುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನೋದು ನೀವು ಹಚ್ಚುವ ಸೀಲರ್ ಮೇಲೆ ನಿಂತಿದೆ. ಮೇಲೆ ಪದರವಾಗಿ ಕೂರುವ ಸೀಲರ್ ಆದರೆ 400ಕ್ಕೆ ನಿಲ್ಲಿಸಿ, ಇನ್ನೂ ನಯ ಮಾಡಿದರೆ ಅದಕ್ಕೆ ಹಿಡಿತ ಸಿಗೋದಿಲ್ಲ. ಒಳಗೆ ಇಳಿಯುವ ಸೀಲರ್ ಆದರೆ 800ರವರೆಗೆ ಹೋಗಬಹುದು. ಅಂಚು, ಮೂಲೆಗಳಿಗೆ ಯಂತ್ರ ಬೇಡ, ಕೈಪ್ಯಾಡಿನಿಂದ ಉಜ್ಜಿ ಮೊನಚು ತೆಗೆಯಿರಿ.

ಉಜ್ಜುವಾಗ ಬರುವ ಬೂದು ನೀರಿನ ಬಗ್ಗೆ ದಯವಿಟ್ಟು ಗಮನ ಕೊಡಿ. ಅದನ್ನು ಬಾತ್‌ರೂಮಿನ ಮೋರಿಗೆ ಬಿಡಲೇಬೇಡಿ. ಆ ಕೆಸರು ಟ್ರ್ಯಾಪಿನಲ್ಲಿ, ಅಂದರೆ ವಾಸನೆ ತಡೆಯುವ ಪೈಪಿನ ಬಾಗಿನಲ್ಲಿ, ಕೂತು ಗಟ್ಟಿಯಾಗುತ್ತದೆ. ಕೆಳಗೆ ಇಡೀ ಬಿಲ್ಡಿಂಗಿನ ಪೈಪೂ ಕಟ್ಟಿಕೊಳ್ಳಬಹುದು. ಚಪ್ಪಡಿಯನ್ನು ದೊಡ್ಡ ಟಾರ್ಪಾಲಿನ ಮೇಲಿಟ್ಟು ಅಂಚು ಎತ್ತಿ ಕಟ್ಟಿ. ನೀರನ್ನು ಬಕೆಟಿಗೆ ತುಂಬಿ ರಾತ್ರಿ ಬಿಡಿ. ಮೇಲಿನ ತಿಳಿಯನ್ನೇ ಮತ್ತೆ ಉಜ್ಜೋಕೆ ಬಳಸಿ. ತಳದ ಕೆಸರು ಒಣಗಿಸಿ ಅವಶೇಷದ ಚೀಲಕ್ಕೆ ಹಾಕಿ. ಬಾಲ್ಕನಿಯಲ್ಲಿ ಈ ಕೆಲಸ ಬೇಡ, ಕೆಳಗಿನವರ ಒಣಗಿದ ಬಟ್ಟೆ ಮೇಲೆ ಇಳಿಯುತ್ತದೆ. ಸೊಸೈಟಿ ಒಪ್ಪಿದರೆ ಟೆರೇಸ್ ಒಳ್ಳೆಯ ಜಾಗ.

ಹಂತ 4: ಒಣಗಿಸೋದು

ಈ ಹಂತದಲ್ಲಿ ನೀವು ಮಾಡೋಕೆ ಏನೂ ಇಲ್ಲ. ಅದಕ್ಕೇ ಎಲ್ಲರೂ ಇದನ್ನು ಬಿಟ್ಟುಬಿಡುತ್ತಾರೆ.

ಚಪ್ಪಡಿ ತೊಳೆದು, ನಾಲ್ಕು ಮರದ ತುಂಡುಗಳ ಮೇಲೆ ಎಲ್ಲ ಕಡೆ ಗಾಳಿ ಆಡುವ ಹಾಗೆ ಇಡಿ. ಅಡಿಯೂ ಒಣಗಬೇಕು. ಇಲ್ಲದಿದ್ದರೆ ಒಂದು ಕಡೆ ಮಾತ್ರ ಕುಗ್ಗಿ ತುದಿಗಳು ಮೇಲಕ್ಕೆ ಬಾಗುತ್ತವೆ. ಬಿಸಿಲಿಗೆ ಇಡಬೇಡಿ, ಫ್ಯಾನ್ ಸಾಕು. ಎರಕ ಹೊಯ್ದ ದಿನದಿಂದ 28 ದಿನ ತುಂಬಲಿ.

28 ದಿನ ಆಯಿತು ಅಂದಾಕ್ಷಣ ಒಣಗಿದೆ ಅಂತಲ್ಲ. ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚಪ್ಪಡಿಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗಾಳಿಯಾಡದ ಹಾಗೆ ಮಾಡಿ. ಒಂದು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಗೆ ಹನಿ ಕಂಡರೆ, ಅಥವಾ ಅದರಡಿಯ ಚೌಕ ಸುತ್ತಲಿಗಿಂತ ಕಪ್ಪಾಗಿದ್ದರೆ, ಇನ್ನೂ ಪಸೆ ಇದೆ. ಒಂದು ವಾರ ಬಿಟ್ಟು ಮತ್ತೆ ನೋಡಿ.

ನನ್ನ ಮೊದಲ ಕೌಂಟರ್‌ಗೆ ನಾನು ಈ ಪರೀಕ್ಷೆ ಮಾಡಲಿಲ್ಲ. ಆಗಸ್ಟ್ ತಿಂಗಳು, ಹೊರಗೆ ಮಳೆ. ಊರಿಂದ ನೆಂಟರು ಗಣೇಶ ಚೌತಿಗೆ ಬರುವವರಿದ್ದರು. ಕೈಗೆ ಒಣಗಿದ ಹಾಗೆ ಅನ್ನಿಸಿತು, ಸೀಲರ್ ಹಚ್ಚಿಬಿಟ್ಟೆ. ಮೂರನೇ ದಿನ ಬೇಸಿನ್ ಜಾಗದ ಸುತ್ತ ಹಾಲಿನ ಕೆನೆಯಂಥ ಬಿಳಿ ಮಬ್ಬು ಎದ್ದಿತು. ಒರೆಸಿದರೆ ಹೋಗಲಿಲ್ಲ, ಅದು ಸೀಲರ್‌ನ ಕೆಳಗಿತ್ತು. ಎಲ್ಲ ಪದರ ಉಜ್ಜಿ ತೆಗೆದು ಮತ್ತೆ 200ರಿಂದ ಬರಬೇಕಾಯಿತು.

ಹಂತ 5: ಸೀಲರ್ ಹಚ್ಚೋದು

ಕಾಂಕ್ರೀಟಿನಲ್ಲಿ ಸುಣ್ಣದ ಅಂಶ ಇದೆ. ಹುಳಿ ಯಾವುದೇ ಇರಲಿ, ಅದನ್ನು ತಿನ್ನುತ್ತದೆ. ಜೊತೆಗೆ ಮೈಯೆಲ್ಲ ಸೂಕ್ಷ್ಮ ರಂಧ್ರ, ಎಣ್ಣೆ ಬಣ್ಣ ಏನು ಬಿದ್ದರೂ ಹೀರುತ್ತದೆ. ಸೀಲರ್ ಬೇಕಾಗೋದು ಈ ಎರಡೂ ಕಾರಣಕ್ಕೆ. ಅಂಗಡಿಯಲ್ಲಿ ಸಿಗೋದು ಎರಡು ಜಾತಿ.

ಒಳಗಿಳಿಯುವ ಸೀಲರ್. ಸಿಲೇನ್, ಸಿಲಾಕ್ಸೇನ್ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ರಂಧ್ರದ ಗೋಡೆಗೆ ಅಂಟಿಕೊಂಡು ನೀರನ್ನು ದೂಡುತ್ತದೆ. ನೋಡೋಕೆ ಕಾಂಕ್ರೀಟ್ ಕಾಂಕ್ರೀಟಿನ ಹಾಗೇ ಇರುತ್ತದೆ. ಹಚ್ಚೋದು ಸುಲಭ, ಮತ್ತೆ ಹಚ್ಚೋದೂ ಸುಲಭ. ಆದರೆ ಹುಳಿ ಬಿದ್ದರೆ ಇದು ಕಾಪಾಡೋದಿಲ್ಲ.

ಮೇಲೆ ಪದರವಾಗಿ ಕೂರುವ ಸೀಲರ್. ಅಕ್ರಿಲಿಕ್ ಅಗ್ಗ, ಬೇಗ ಗೀರು ಬೀಳುತ್ತದೆ, ಬಾತ್‌ರೂಮಿಗೆ ಬೇಡ. ಎಪಾಕ್ಸಿ ಗಟ್ಟಿ, ಆದರೆ ಗಾಜಿನ ಹಾಗೆ ಹೊಳೆಯುತ್ತದೆ, ಕಿಟಕಿ ಬಿಸಿಲಿಗೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಎರಡು ಭಾಗ ಬೆರೆಸಿ ಹಚ್ಚುವ, ವಾಟರ್ ಬೇಸ್ಡ್ ಜಾತಿಯ ಮ್ಯಾಟ್ ಪಾಲಿಯುರೆಥೇನ್ ನನ್ನ ಆಯ್ಕೆ. ತೆಳುವಾಗಿ ಕೂರುತ್ತದೆ, ಹುಳಿಯನ್ನೂ ಎಣ್ಣೆಯನ್ನೂ ಸಾಕಷ್ಟು ತಡೆಯುತ್ತದೆ.

ಕುಟುಂಬ ಬಳಸುವ ಬಾತ್‌ರೂಮಿಗೆ ಪಾಲಿಯುರೆಥೇನ್ ಹಾಕಿ. ಅತಿಥಿಗಳ ಕೋಣೆಗೆ, ದಿನಕ್ಕೊಮ್ಮೆ ಕೈ ತೊಳೆಯುವ ಬೇಸಿನ್ನಿಗೆ ಒಳಗಿಳಿಯುವ ಜಾತಿ ಸಾಕು.

ಪಾಲಿಯುರೆಥೇನ್ ಹಚ್ಚುವ ಕ್ರಮ ಹೀಗೆ. ಬೆಳಗ್ಗೆ ಕಿಟಕಿ ಮುಚ್ಚಿದ, ಫ್ಯಾನ್ ಆರಿಸಿದ ಕೋಣೆಯಲ್ಲಿ ಚಪ್ಪಡಿಯ ಧೂಳು ತೆಗೆಯಿರಿ. ಎರಡು ಭಾಗವನ್ನು ಡಬ್ಬದ ಮೇಲಿನ ಅಳತೆಗೇ ಬೆರೆಸಿ. ಅಂದಾಜು ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಅಥವಾ ಗೆರೆ ಇರುವ ಔಷಧಿ ಕಪ್ ಬಳಸಿ. ಬೆರೆಸಿದ ಮೇಲೆ ಅದಕ್ಕೆ ಆಯುಸ್ಸು ಕಮ್ಮಿ. ಎಷ್ಟು ಹೊತ್ತು ಅಂತ ಡಬ್ಬದ ಮೇಲೆ ಇರುತ್ತದೆ, ಅಷ್ಟರಲ್ಲಿ ಮುಗಿಯುವಷ್ಟೇ ಬೆರೆಸಿ. ನೊರೆ ಬರುವ ಹಾಗೆ ಕಡೆಯಬೇಡಿ. ಸಣ್ಣ ಫೋಮ್ ರೋಲರ್‌ನಿಂದ ತೆಳುವಾಗಿ ಒಂದೇ ದಿಕ್ಕಿಗೆ ಎಳೆಯಿರಿ. ಎಳೆದ ಮೇಲೆ ವಾಪಸ್ ಹೋಗಿ ತಿದ್ದಬೇಡಿ. ಮೊದಲ ಕೋಟನ್ನು ಕಾಂಕ್ರೀಟ್ ಕುಡಿದುಬಿಡುತ್ತದೆ. ಎರಡನೆಯದು ಅಡ್ಡ ದಿಕ್ಕಿಗೆ, ಮೂರನೆಯದು ಮತ್ತೆ ಉದ್ದಕ್ಕೆ. ದಪ್ಪ ಒಂದು ಕೋಟ್ ಹಚ್ಚಿ ಮುಗಿಸೋಣ ಅನ್ನಿಸುತ್ತದೆ, ಬೇಡ. ದಪ್ಪ ಪದರ ಗುಳ್ಳೆ ಏಳುತ್ತದೆ.

ಅಡಿಭಾಗಕ್ಕೆ, ನಲ್ಲಿ ತೂತಿನ ಒಳಗೋಡೆಗೆ, ಗೋಡೆಗೆ ತಾಗುವ ಹಿಂದಿನ ಅಂಚಿಗೆ ಒಂದೊಂದು ಕೋಟ್ ಹಚ್ಚೋದನ್ನು ಮರೆಯಬೇಡಿ. ನೀರು ನುಗ್ಗೋದು ಅಲ್ಲಿಂದಲೇ. ಆಮೇಲೆ 7 ದಿನ ಅದರ ಮೇಲೆ ಏನನ್ನೂ ಇಡಬೇಡಿ.

ಹಂತ 6: ಗೋಡೆ ಯಾವುದು ಅಂತ ತಿಳಿದು ಬ್ರಾಕೆಟ್ ಹಾಕೋದು

ಆ 7 ದಿನದಲ್ಲಿ ಈ ಕೆಲಸ ಮುಗಿಸಿ.

ಗೋಡೆ ಯಾವುದರದ್ದು ಅಂತ ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಒಂದು ತೂತು ಕೊರೆದು ಕಾಗದದ ಮೇಲೆ ಪುಡಿ ಹಿಡಿಯಿರಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೆಣ್ಣೆಯಲ್ಲಿ ಇಳಿದ ಹಾಗೆ ಡ್ರಿಲ್ ಇಳಿದು ಬಿಳಿಚು ಪುಡಿ ಬಂದರೆ ಎಎಸಿ ಬ್ಲಾಕ್, ಇಲ್ಲಿಯವರು ಸೈಪೊರೆಕ್ಸ್ ಅನ್ನುವ ಹಗುರ ಇಟ್ಟಿಗೆ. ಬಿಟ್ ಕೂಗಿ, ಗಟ್ಟಿ ಬೂದು ಪುಡಿ ಬಂದರೆ ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್. ಹೊಸ ಟವರ್‌ಗಳಲ್ಲಿ ಎಷ್ಟೋ ಕಡೆ ಒಳಗೋಡೆಗಳೂ ಆರ್‌ಸಿಸಿಯೇ.

ಆರ್‌ಸಿಸಿಗೆ 10 ಮಿಮೀ ಎಕ್ಸ್‌ಪ್ಯಾನ್ಶನ್ ಆಂಕರ್, ಅಂದರೆ ಬಿಗಿದಂತೆ ಒಳಗೆ ಅರಳುವ ಬೋಲ್ಟ್, ಸಾಕು. ಡ್ರಿಲ್ ಕಬ್ಬಿಣಕ್ಕೆ ತಾಗಿದರೆ ನಿಲ್ಲಿಸಿ ಪಕ್ಕಕ್ಕೆ ಸರಿಯಿರಿ, ಸರಳು ಕತ್ತರಿಸಬೇಡಿ. ಇಟ್ಟಿಗೆಗೆ, ಎಎಸಿಗೆ ಈ ಅರಳುವ ಆಂಕರ್ ಬೇಡ, ಗೋಡೆಯನ್ನೇ ಸೀಳುತ್ತದೆ. ಅಲ್ಲಿ ಕೆಮಿಕಲ್ ಆಂಕರ್ ಹಾಕಿ. ತೂತಿಗೆ ರಾಳದ ಅಂಟು ತುಂಬಿ ಅದರಲ್ಲಿ ಸರಳು ನಿಲ್ಲಿಸುವ ವಿಧಾನ ಅದು. ತೂತಿನೊಳಗೆ ಪುಡಿ ಉಳಿದರೆ ಅಂಟು ಹಿಡಿಯೋದು ಪುಡಿಯನ್ನು, ಗೋಡೆಯನ್ನಲ್ಲ. ಊದಿ, ಬ್ರಶ್ ಹಾಕಿ, ಮತ್ತೆ ಊದಿ. ಹೀಗೆ ಮೂರು ಸಲ. ಗೋವಾದ ಹಳೇ ಮನೆಗಳ ಜಂಬಿಟ್ಟಿಗೆ ಗೋಡೆಗೂ ಇದೇ ದಾರಿ. 4 ಇಂಚಿನ ಎಎಸಿ ಗೋಡೆ ಆದರೆ ನಾನಂತೂ ಗೋಡೆಯನ್ನು ಪೂರ್ತಿ ನಂಬೋದಿಲ್ಲ. ಕೆಳಗಿನಿಂದ ಎರಡು ಕಾಲು ಅಥವಾ ಟೈಲ್ಸ್ ಹಾಕಿದ ಚಿಕ್ಕ ಗೋಡೆ ಕೊಡಿಸಿ. ಅದನ್ನು ನೆಲಕ್ಕೆ ಟೈಲ್ ಅಂಟಿನಿಂದ ಕೂರಿಸಿ, ನೆಲಕ್ಕೆ ಡ್ರಿಲ್ ಹೊಡೆಯಬೇಡಿ. ಕೆಳಗಿರುವ ವಾಟರ್‌ಪ್ರೂಫಿಂಗ್ ಪದರ ಒಂದು ಸಲ ತೂತಾದರೆ ಸೋರಿಕೆ ಕೆಳಗಿನ ಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ.

4 ಅಡಿಯ ಕೌಂಟರ್‌ಗೆ ಮೂರು ಬ್ರಾಕೆಟ್. ಎರಡರ ನಡುವೆ 2 ಅಡಿಗಿಂತ ಜಾಸ್ತಿ ಬೇಡ. ಬ್ರಾಕೆಟ್ಟಿನ ತೋಳು ಕೌಂಟರ್ ಅಗಲದ ಮೂರರಲ್ಲಿ ಎರಡು ಪಾಲಾದರೂ ಇರಲಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಸಾದಾ ಕಬ್ಬಿಣ ಆದರೆ ಪ್ರೈಮರ್, ಪೇಂಟ್ ಎರಡೆರಡು ಕೋಟ್ ಹೊಡೆದೇ ಹಾಕಿ.

ಎತ್ತರ ಗುರುತು ಹಾಕುವಾಗ ಕೌಂಟರಿನಿಂದ ಲೆಕ್ಕ ಹಾಕಬೇಡಿ, ಬೇಸಿನ್ನಿನ ಅಂಚಿನಿಂದ ಹಾಕಿ. ಅಂಚು ನೆಲದಿಂದ 32ರಿಂದ 34 ಇಂಚು ಇದ್ದರೆ ದೊಡ್ಡವರಿಗೆ ಹಿತ. ಮೇಲೆ ಕೂರುವ 5 ಇಂಚಿನ ಬಟ್ಟಲು ಬೇಸಿನ್ ಆದರೆ ಕೌಂಟರಿನ ಮೈ 27ರಿಂದ 29 ಇಂಚಿಗೆ ಬರಬೇಕು. ಇದನ್ನು ತಪ್ಪಿದ ಮನೆಗಳಲ್ಲಿ ಮಕ್ಕಳು ಮುಖ ತೊಳೆಯುವಾಗ ನೀರು ಮೊಣಕೈಯಿಂದ ಇಳಿದು ಅಂಗಿ ಒದ್ದೆಯಾಗುತ್ತದೆ.

ಟೈಲ್ ಮೇಲೆ ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ಸೆಟ್ಟಿಂಗ್, ಆಫ್ ಮಾಡಿ, ಟೈಲ್ ದಾಟಿದ ಮೇಲೆ ಆನ್ ಮಾಡಿ. ಪೈಪು, ವೈರು ಎಲ್ಲಿ ಹೋಗಿದೆ ಅಂತ ಟೈಲ್ಸ್ ಹಾಕುವ ಮುಂಚೆ ಅಳತೆಪಟ್ಟಿ ಹಿಡಿದು ತೆಗೆದ ಫೋಟೋ ಇದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಭಾರ ಪರೀಕ್ಷೆ. ಬ್ರಾಕೆಟ್‌ಗಳ ಮೇಲೆ ಹಲಗೆ ಇಟ್ಟು, 50 ಕೆಜಿಯ ಎರಡು ಸಿಮೆಂಟ್ ಚೀಲ ಇಟ್ಟು ರಾತ್ರಿ ಬಿಡಿ. ಕೆಮಿಕಲ್ ಆಂಕರ್ ಆದರೆ ಅಂಟು ಪೂರ್ತಿ ಗಟ್ಟಿಯಾದ ಮೇಲೆ. ಬೆಳಗ್ಗೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ಕದಲಿದ್ದರೆ ಆ ಬ್ರಾಕೆಟ್ ತೆಗೆದು ಮತ್ತೆ ಹಾಕಿ.

ಹಂತ 7: ಎತ್ತಿ ಕೂರಿಸೋದು

ಚಪ್ಪಡಿಯನ್ನು ಗಾಜಿನ ಹಾಗೆ ನಿಲ್ಲಿಸಿ ಹಿಡಿದು ತನ್ನಿ. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯಬಹುದು, ಬೇಸಿನ್ ತೂತಿನ ಹತ್ತಿರವಂತೂ ಖಂಡಿತ ಅಪಾಯ. ನಾಲ್ಕು ಜನ ಇದ್ದರೆ ಚೆನ್ನ. ಲಿಫ್ಟ್, ಬಾತ್‌ರೂಮ್ ಬಾಗಿಲು, ಅದರೊಳಗಿನ ತಿರುವು ಮೂರನ್ನೂ ರಟ್ಟಿನ ನಮೂನೆ ಹಿಡಿದು ಮೊದಲೇ ಒಮ್ಮೆ ನಡೆದು ನೋಡಿ.

ಮೊದಲು ಏನೂ ಹಚ್ಚದೆ ಕೂರಿಸಿ. ರಸಮಟ್ಟ ಉದ್ದಕ್ಕೂ ಅಡ್ಡಕ್ಕೂ ಇಡಿ. ಗೋಡೆ ಕಡೆಗೆ ಇಳಿಜಾರು ಇರಲೇಬಾರದು, ನೀರು ಹಿಂದೆ ನಿಂತು ಕಪ್ಪು ಕಟ್ಟುತ್ತದೆ. ತಗ್ಗಿದ್ದಲ್ಲಿ ಪ್ಲಾಸ್ಟಿಕ್ ಬೆಣೆ ಕೊಡಿ. ಎಲ್ಲ ಸರಿ ಇದ್ದರೆ ಎತ್ತಿ, ಬ್ರಾಕೆಟ್‌ಗಳ ಮೇಲೆ ನ್ಯೂಟ್ರಲ್ ಸಿಲಿಕೋನಿನ ಗುಡ್ಡೆಗಳನ್ನು ಇಟ್ಟು ಇಳಿಸಿ. ಗಟ್ಟಿ ಎಪಾಕ್ಸಿ ಬೇಡ. ಸ್ಟೀಲೂ ಕಾಂಕ್ರೀಟೂ ಸ್ವಲ್ಪ ಕದಲಬೇಕಾಗುತ್ತದೆ, ಅದಕ್ಕೆ ಜಾಗ ಕೊಡೋದು ಸಿಲಿಕೋನ್.

ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದೇ ಬರೆದಿರಬೇಕು. ಸಾಮಾನ್ಯ ಅಗ್ಗದ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬರುತ್ತದೆ ಅಲ್ವಾ, ಅದು ನಿಜಕ್ಕೂ ವಿನೆಗರಿನದೇ ಹುಳಿ. ಕಾಂಕ್ರೀಟಿನ ಸುಣ್ಣದ ಜೊತೆ ಸೇರಿ ಹಿಡಿತ ಕಳೆದುಕೊಳ್ಳುತ್ತದೆ. ಗೋಡೆಯ ಕಡೆಯ 3 ಮಿಮೀ ಸಂದಿಗೂ ಇದೇ ನ್ಯೂಟ್ರಲ್ ಸಿಲಿಕೋನ್ ತುಂಬಿ, ಸಿಮೆಂಟ್ ತುಂಬಬೇಡಿ.

ಹಂತ 8: ಬೇಸಿನ್, ನಲ್ಲಿ

ಇದು ಪ್ಲಂಬರ್ ಕೆಲಸ, ಆದರೆ ನೀವು ಪಕ್ಕದಲ್ಲೇ ನಿಲ್ಲಿ. ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿಗೆ 35 ಮಿಮೀ ತೂತು ಬೇಕು. ಅಚ್ಚಿನಲ್ಲಿ ಬಿಡದೆ ಹೋದರೆ ಡೈಮಂಡ್ ಕೋರ್ ಬಿಟ್‌ನಿಂದ, ನೀರು ಹಾಕುತ್ತಾ, ಹ್ಯಾಮರ್ ಇಲ್ಲದೆ, ಮೇಲಿನಿಂದ ಕೆಳಗೆ ಕೊರೆಯಿರಿ. ಕೆಳಗೆ ಮರದ ತುಂಡು ಒತ್ತಿ ಹಿಡಿದರೆ ಚಕ್ಕೆ ಏಳೋದಿಲ್ಲ. ಹೊಸ ತೂತಿನ ಒಳಗೆ ಮತ್ತೆ ಸೀಲರ್ ಹಚ್ಚಿ.

ಪ್ಲಂಬರ್ ಸಫೇದಾ ಡಬ್ಬ ತೆಗೆದರೆ ತಡೆಯಿರಿ. ಸಫೇದಾ ಅಂದರೆ ದಾರದ ಜೊತೆ ಹಚ್ಚುವ ಎಣ್ಣೆಯ ಬಿಳಿ ಮುಲಾಮು. ಆ ಎಣ್ಣೆ ತೂತಿನ ಅಂಚಿನಿಂದ ಕಾಂಕ್ರೀಟಿಗೆ ಇಳಿದು ನಲ್ಲಿಯ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಕೌಂಟರಿಗೆ ತಾಗುವ ಕಡೆಯೆಲ್ಲ ರಬ್ಬರ್ ವಾಶರ್, ನ್ಯೂಟ್ರಲ್ ಸಿಲಿಕೋನ್ ಸಾಕು. ನಟ್ಟನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಿಂದ ಕಾಲು ಸುತ್ತು ಮಾತ್ರ.

ಸಿಲಿಕೋನಿಗೆ ಒಂದು ದಿನ ಬಿಟ್ಟು, ಬೇಸಿನ್ ತುಂಬಾ ನೀರು ತುಂಬಿ ಒಮ್ಮೆಗೇ ಬಿಡಿ. ಕೆಳಗೆ ಪ್ರತಿ ಜೋಡಣೆಗೂ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಟಿಶ್ಯೂವಿನಲ್ಲಿ ಕಾಣುತ್ತದೆ.

ಬಳಸುವಾಗ

ಟಾಯ್ಲೆಟ್ ಕ್ಲೀನರ್, ಟೈಲ್ಸ್ ತೊಳೆಯುವ ಆಸಿಡ್ ಕೌಂಟರ್ ಮೇಲೆ ಇಡಲೂ ಬೇಡಿ. ಡಬ್ಬದ ತಳದ ಒಂದು ಹನಿ ಸಾಕು, ಬಿಳಿ ಉಂಗುರ ಬೀಳುತ್ತದೆ. ಮನೆಕೆಲಸದವರಿಗೂ ತೋರಿಸಿ ಹೇಳಿ. ದೇವರ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು, ನಿಂಬೆ ಹಚ್ಚಿ ಈ ಬೇಸಿನ್ನಿನಲ್ಲಿ ತಿಕ್ಕಬೇಡಿ. ಟ್ಯಾಂಕರ್ ನೀರಿನ ಬಿಳಿ ಕಲೆ ಕೂತರೆ ವಿನೆಗರ್ ಹಾಕೋಣ ಅನ್ನಿಸುತ್ತದೆ. ಬೇಡ, ದಿನಾ ರಾತ್ರಿ ಒಣ ಬಟ್ಟೆಯಲ್ಲಿ ಒರೆಸಿದರೆ ಅದು ಕೂರೋದೇ ಇಲ್ಲ. ಅರಿಶಿನ, ಕುಂಕುಮ, ಮೆಹಂದಿ, ಹೇರ್ ಡೈ ಬಿದ್ದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ. ದೀಪಾವಳಿ ಅಭ್ಯಂಜನದ ಹೊತ್ತಿಗೆ ಎಣ್ಣೆ ಬಟ್ಟಲಿನ ಕೆಳಗೊಂದು ತಟ್ಟೆ ಇಡಿ.

ಹುಳಿ ಬಿದ್ದು ಬಿಳಿಚಿದ ಜಾಗ ಕಲೆಯಲ್ಲ, ಅಲ್ಲಿ ಮೈಯೇ ಸವೆದಿದೆ. 400ರ ಕೈಪ್ಯಾಡಿನಿಂದ ಆ ಜಾಗವನ್ನೂ ಸುತ್ತ ಒಂದು ಗೇಣನ್ನೂ ಉಜ್ಜಿ, ಎರಡು ದಿನ ಒಣಗಿಸಿ, ಸೀಲರ್ ಹಚ್ಚಿ.

ಆರು ತಿಂಗಳಿಗೊಮ್ಮೆ ನಲ್ಲಿಯ ಹಿಂದೆ, ಸೋಪು ಇಡುವ ಕಡೆ, ಮುಂದಿನ ಅಂಚಿನಲ್ಲಿ ಒಂದೊಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಅಡಿ ಕಪ್ಪಾಗಿದ್ದರೆ ಸೀಲರ್ ಸವೆದಿದೆ. ಹೆಚ್ಚಾಗಿ ಮೊದಲು ಸವೆಯೋದು ನಲ್ಲಿಯ ಹಿಂದಿನ ಆ ಎರಡಿಂಚು, ಒರೆಸುವ ಕೈ ಅಲ್ಲಿಗೆ ಹೋಗೋದಿಲ್ಲ.